ಕಾರಿನ ಎಸಿ ತಂಪಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವುದು ಕೊನೆಯ ಕೆಲಸ

ಮಾರ್ಚ್ ಬಂತೆಂದರೆ ಎಸಿ ಅಂಗಡಿಗಳ ಮುಂದೆ ಕಾರುಗಳ ಸಾಲು. ಅಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಗ್ಯಾಸ್ ಕಮ್ಮಿ ಆಗಿದೆ ಸಾರ್, ಹಾಕಿಬಿಡೋಣ.’ ಬಾನೆಟ್ ಎತ್ತಿದ ಎರಡೇ ನಿಮಿಷಕ್ಕೆ ಈ ಮಾತು ಬಂದರೆ ಸ್ವಲ್ಪ ತಡೆಯಿರಿ. ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದು ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸು, ಕಂಪ್ರೆಸರ್ ಸೀಲುಗಳ ಮೂಲಕ ವರ್ಷಗಳಲ್ಲಿ ಸ್ವಲ್ಪ ಜಿನುಗುವುದು ನಿಜ. ಆದರೆ ಪ್ರತಿ ಬೇಸಿಗೆಗೂ ತುಂಬಿಸಬೇಕಾಗುತ್ತಿದೆ ಎಂದರೆ ಎಲ್ಲೋ ಲೀಕ್ ಇದೆ. ಇಲ್ಲವೇ ತೊಂದರೆ ಗ್ಯಾಸಿನದ್ದೇ ಅಲ್ಲ.

ಇಲ್ಲಿ ಹೇಳುತ್ತಿರುವುದು ನಮ್ಮ ರಸ್ತೆಗಳ ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳ ಬಗ್ಗೆ. ಬೆಲ್ಟಿನಿಂದ ತಿರುಗಿ ಗ್ಯಾಸನ್ನು ಒತ್ತುವ ಕಂಪ್ರೆಸರ್, ಆರ್-134ಎ ಗ್ಯಾಸ್, ಅದನ್ನು ಸಣ್ಣ ಕಂಡಿಯಲ್ಲಿ ಹಾಯಿಸಿ ತಣ್ಣಗಾಗಿಸುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಇರುವ ವ್ಯವಸ್ಥೆ. ನಿಮ್ಮದರಲ್ಲಿ ಯಾವ ಗ್ಯಾಸ್ ಇದೆ, ಎಷ್ಟು ಗ್ರಾಂ ಎಂಬುದು ಬಾನೆಟ್ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ. ಅಲ್ಲಿ ಆರ್-1234ವೈಎಫ್ ಎಂದಿದ್ದರೆ ಇಲ್ಲಿನ ಗ್ಯಾಸ್ ಕೆಲಸ ನಿಮಗಲ್ಲ. ಅದು ಬೆಂಕಿ ಹಿಡಿಯಬಲ್ಲ ಗ್ಯಾಸ್, ಅದರ ಉಪಕರಣಗಳೇ ಬೇರೆ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ವೈರ್ ಕಂಪ್ರೆಸರ್‌ಗೆ ಹೋಗಿದ್ದರೆ ಅದನ್ನು ಮುಟ್ಟಲೇಬೇಡಿ. ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ.

ಪೈಪು ಬಿಚ್ಚದೆ ಗೊತ್ತಾಗುವುದು

ಮೊದಲು ತೊಂದರೆ ಯಾವಾಗ ಬರುತ್ತದೆ ಎಂದು ಗಮನಿಸಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಹೈವೇಯಲ್ಲಿ ಚೆನ್ನಾಗಿ ತಂಪು, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತಾಗ ಬಿಸಿಗಾಳಿ ಅಂತಾದರೆ ಮೊದಲ ಅನುಮಾನ ಕಂಡೆನ್ಸರ್ ಫ್ಯಾನ್ ಮೇಲೆ. ಕಂಡೆನ್ಸರ್ ಎಂದರೆ ಕಾರಿನ ಮುಂಭಾಗದಲ್ಲಿ ಗ್ಯಾಸಿನ ಶಾಖವನ್ನು ಹೊರಬಿಡುವ ಜಾಲರಿ. ಓಡುವಾಗ ಎದುರುಗಾಳಿಯೇ ಅದನ್ನು ತಣಿಸುತ್ತದೆ. ನಿಂತಾಗ ಆ ಕೆಲಸವನ್ನು ಫ್ಯಾನ್ ಮಾಡಬೇಕು. ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಫ್ಯಾನ್ ಜೋರಾಗಿ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್, ಈ ಕ್ರಮದಲ್ಲಿ ನೋಡಿ. ತಿರುಗುತ್ತಿದ್ದರೂ ನಿಧಾನವೇ? ಬುಷ್ ಹಿಡಿದಿರಬಹುದು, ಇಲ್ಲವೇ ಎರಡನೇ ಸ್ಪೀಡಿನ ರಿಲೇ ಹೋಗಿರಬಹುದು. ಒಂದು ಎಚ್ಚರಿಕೆ: ಇಂಜಿನ್ ಆಫ್ ಮಾಡಿದ ಮೇಲೂ ಈ ಫ್ಯಾನ್ ತಾನಾಗಿ ಶುರುವಾಗಬಹುದು. ಬೆರಳು, ಶರ್ಟಿನ ತೋಳು, ಶಾಲು ಯಾವುದೂ ಅದರ ಹತ್ತಿರ ಇರಬಾರದು.

ಫ್ಯಾನ್ ಸರಿಯಿದ್ದರೆ ಕಂಡೆನ್ಸರ್ ಮುಖ ನೋಡಿ. ರೆಕ್ಕೆಗಳ ಸಂದಿಯಲ್ಲಿ ಹುಳು, ಎಲೆ, ಮಣ್ಣು ಕಟ್ಟಿಕೊಂಡಿದ್ದರೆ ಗಾಳಿ ಹಾಯುವುದಿಲ್ಲ. ಸಂಡೂರು, ಹೊಸಪೇಟೆ ಕಡೆ ಓಡುವ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ನೀರು ಬಿದ್ದು ಗಟ್ಟಿಯಾಗಿ ಅಂಟಿರುತ್ತದೆ. ಇಂಜಿನ್ ತಣ್ಣಗಾದ ಮೇಲೆ ಸಾದಾ ಪೈಪಿನ ನೀರಿನಲ್ಲಿ ತೊಳೆಯಿರಿ. ಪ್ರೆಶರ್ ವಾಶ್ ಹಿಡಿದರೆ ತೆಳು ಅಲ್ಯೂಮಿನಿಯಂ ರೆಕ್ಕೆಗಳೆಲ್ಲ ಮಲಗಿಬಿಡುತ್ತವೆ.

ಹೊರಟಾಗ ಒಳ್ಳೆಯ ತಂಪು, ಅರ್ಧ ಗಂಟೆ ಬಿಟ್ಟು ವೆಂಟಿನಲ್ಲಿ ಗಾಳಿಯೇ ಕಮ್ಮಿಯಾಗುತ್ತದೆ, ಎಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿ. ಇದು ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುವ ಲಕ್ಷಣ. ಕೊಳೆಯಾದ ಕ್ಯಾಬಿನ್ ಫಿಲ್ಟರ್, ಸೋತ ಬ್ಲೋವರ್, ಕಾಯಿಲ್ ತಾಪ ನೋಡುವ ಸೆನ್ಸರ್, ಇವು ಮೂರನ್ನು ಪರೀಕ್ಷಿಸಿ. ಗಾಳಿಯ ವೇಗ ಕಮ್ಮಿಯಾಗದೆ ತಂಪು ಮಾತ್ರ ಬಂದು ಹೋಗುತ್ತಿದ್ದರೆ ಕಥೆ ಬೇರೆ. ಅಲ್ಲಿ ಒಳಗೆ ಸೇರಿದ ತೇವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಂಡಿಯಲ್ಲಿ ಹೆಪ್ಪುಗಟ್ಟುತ್ತಿರಬಹುದು. ಹಿಂದಿನ ಸಲ ವ್ಯಾಕ್ಯೂಮ್ ಸರಿಯಾಗಿ ಮಾಡದೆ, ಅಂದರೆ ಒಳಗಿನ ಗಾಳಿ, ತೇವವನ್ನು ಪಂಪಿನಿಂದ ಪೂರ್ತಿ ಎಳೆದು ತೆಗೆಯದೆ ಗ್ಯಾಸ್ ಹಾಕಿದ್ದರೆ ಹೀಗಾಗುತ್ತದೆ.

ಗಾಳಿ ಜೋರಾಗಿದೆ, ಆದರೆ ಯಾವಾಗಲೂ ಬೆಚ್ಚಗಿದೆ ಅಂತಿದ್ದರೆ ಇಂಜಿನ್ ಓಡುತ್ತಿರುವಾಗ ಒಬ್ಬರನ್ನು ಒಳಗೆ ಕೂರಿಸಿ ಎಸಿ ಸ್ವಿಚ್ ಹಾಕಿಸಿ, ಆರಿಸಿ. ಹೊರಗೆ ನಿಂತವರಿಗೆ ‘ಟಕ್’ ಎಂಬ ಸದ್ದು ಕೇಳಿ, ಕಂಪ್ರೆಸರ್ ಪುಲ್ಲಿಯ ಮುಂದಿನ ತಟ್ಟೆಯೂ ತಿರುಗಬೇಕು. ಇಂಜಿನ್ ಸದ್ದು ಕೊಂಚ ಬದಲಾಗಬೇಕು. ಆ ತಟ್ಟೆಯನ್ನು ಪುಲ್ಲಿಗೆ ಹಿಡಿಸಿ ಕಂಪ್ರೆಸರ್ ತಿರುಗಿಸುವುದೇ ಎಸಿಯ ಕ್ಲಚ್. ಕೆಲವು ಹೊಸ ಕಂಪ್ರೆಸರ್‌ಗಳಲ್ಲಿ ಈ ಕ್ಲಚ್ ಇರುವುದೇ ಇಲ್ಲ. ಅವುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಟಕ್ ಎನ್ನುತ್ತಿದೆ, ಒಳಗಿನಿಂದ ಕಂಪ್ರೆಸರ್‌ಗೆ ವಾಪಸು ಬರುವ ಪೈಪೂ ತಣ್ಣಗಿದೆ, ಒಳಗೆ ಮಾತ್ರ ಬಿಸಿ ಗಾಳಿ? ಹಾಗಾದರೆ ಹೀಟರ್ ಕಡೆಯ ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ. ಹಳೆಯ ಸಣ್ಣ ಕಾರುಗಳಲ್ಲಿ ತಾಪದ ನಾಬ್ ಒಂದು ಕೇಬಲ್ ಎಳೆಯುತ್ತದೆ. ಅದರ ಕ್ಲಿಪ್ ಜಾರಿದ್ದಕ್ಕೆ ಗ್ಯಾಸ್ ತುಂಬಿಸಿಕೊಂಡು ಬಂದವರಿದ್ದಾರೆ. ಇನ್ನು ಹೊರಗಾಳಿಯ ಲಿವರ್. ಬೇಸಿಗೆಯಲ್ಲಿ ಅದು ಒಳಗಾಳಿ ಸುತ್ತುವ ಕಡೆಗೇ ಇರಬೇಕು. ಸುಮ್ನೆ ಒಂದು ಸಲ ನೋಡಿಬಿಡಿ, ದುಡ್ಡೇನೂ ಇಲ್ಲ ಅಲ್ವಾ?

ಎಡಗಡೆ ಸೀಟಿನವರ ಕಾಲ ಬಳಿ ನೀರು ಸೋರಿದರೆ ಡ್ರೈನ್ ಪೈಪ್ ಕಟ್ಟಿಕೊಂಡಿದೆ. ಕಾರಿನ ಅಡಿಯಿಂದ ಮೆತ್ತಗಿನ ತಂತಿ ತೂರಿಸಿ ಬಿಡಿಸಿ. ಮುಗಿಯಿತು.

ಕ್ಲಚ್ ಹಿಡಿಯುತ್ತಿಲ್ಲ

ಮೊದಲು ಫ್ಯೂಸ್ ನೋಡಿ, ಆಮೇಲೆ ರಿಲೇ. ಪಕ್ಕದಲ್ಲೇ ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದಲುಬದಲು ಮಾಡಿ ನೋಡುವುದು ಸುಲಭ. ಬಳಿಕ ಕ್ಲಚ್ ಕನೆಕ್ಟರ್ ತೆಗೆದು ಮಲ್ಟಿಮೀಟರ್ ಹಿಡಿಯಿರಿ. ಎಸಿ ಹಾಕಿದಾಗ ಅಲ್ಲಿಗೆ 12 ವೋಲ್ಟ್ ಬರುತ್ತಿದೆಯೇ? ಬರುತ್ತಿದ್ದೂ ಕ್ಲಚ್ ಹಿಡಿಯದಿದ್ದರೆ ಕ್ಲಚ್ಚಿನೊಳಗಿನ ಕಾಯಿಲ್‌ನ ಓಮ್ ಅಳೆಯಿರಿ. ಸಾಮಾನ್ಯವಾಗಿ 3ರಿಂದ 5 ಓಮ್ ಇರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ. ಓಮ್ ಸರಿಯಿದ್ದರೆ ತಟ್ಟೆ ಮತ್ತು ಪುಲ್ಲಿಯ ನಡುವಿನ ಸಂದಿ ನೋಡಿ. ಸವೆದು ಸಂದಿ ಜಾಸ್ತಿಯಾಗಿದ್ದರೆ ಇಂಜಿನ್ ತಣ್ಣಗಿರುವಾಗ ಹಿಡಿಯುತ್ತದೆ, ಬಿಸಿಯಾದ ಮೇಲೆ ಕೈಕೊಡುತ್ತದೆ.

ವೋಲ್ಟ್ ಬರುತ್ತಿಲ್ಲವೆಂದರೆ ಯಾರೋ ಬೇಕೆಂದೇ ತಡೆಯುತ್ತಿದ್ದಾರೆ ಎಂದುಕೊಳ್ಳಿ. ಅದು ಪ್ರೆಶರ್ ಸ್ವಿಚ್ ಇರಬಹುದು, ಇಂಜಿನ್ ಕಂಪ್ಯೂಟರ್ ಇರಬಹುದು. ಇಂಜಿನ್ ಜಾಸ್ತಿ ಬಿಸಿಯಾದರೆ ಕಂಪ್ಯೂಟರ್ ಎಸಿಯನ್ನು ತಾನೇ ನಿಲ್ಲಿಸುತ್ತದೆ. ಹಾಗಾಗಿ ಕೂಲೆಂಟ್ ಮಟ್ಟವನ್ನೂ ನೋಡಿ. ಮಳೆಗಾಲ ಕಳೆದ ಮೇಲೆ ಇಲಿ ಕಡಿದ ವೈರ್ ಕೂಡ ಇದೇ ಲಕ್ಷಣ ಕೊಡುತ್ತದೆ.

ಪೈಪಿನೊಳಗಿನ ಗ್ಯಾಸ್ ಒತ್ತಡ ಸುಮಾರು 28 ಪಿಎಸ್‌ಐಗಿಂತ (ಟೈರಿನ ಗಾಳಿ ಅಳೆಯುವ ಅದೇ ಅಳತೆ) ಕೆಳಗಿಳಿದರೂ, ಸುಮಾರು 450 ದಾಟಿದರೂ ಪ್ರೆಶರ್ ಸ್ವಿಚ್ ಕಂಪ್ರೆಸರ್ ನಿಲ್ಲಿಸುತ್ತದೆ. ಈ ಸ್ವಿಚ್ಚಿನ ಎರಡು ವೈರ್ ಸೇರಿಸಿ ‘ಜಂಪ್’ ಹಾಕಿ ಓಡಿಸುವ ಅಭ್ಯಾಸ ಕೆಲವು ಕಡೆ ಇದೆ. ಕಂಪ್ರೆಸರ್ ಒಳಗಿನ ಆಯಿಲ್ ಗ್ಯಾಸ್ ಜೊತೆಗೇ ಸುತ್ತುತ್ತದೆ. ಗ್ಯಾಸ್ ಇಲ್ಲದಿದ್ದರೆ ಆಯಿಲೂ ಇಲ್ಲ, ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಒತ್ತಡ ಮೇಲೇರಿದ್ದಾಗ ಜಂಪ್ ಹಾಕಿದರೆ ಹೋಸು ಸಿಡಿಯಬಹುದು. ಕ್ಲಚ್ಚಿಗೆ ನೇರ ಬ್ಯಾಟರಿ ಕೊಟ್ಟು ಪರೀಕ್ಷಿಸಬೇಕಿದ್ದರೆ ಇಂಜಿನ್ ಆಫ್ ಮಾಡಿಯೇ ಮಾಡಿ. ಟಕ್ ಸದ್ದು ಕೇಳಿದರೆ ಸಾಕು.

ಗೇಜ್ ಹಾಕುವ ಮೊದಲು

ಇಲ್ಲಿಂದ ಮುಂದೆ ಗ್ಯಾಸಿನ ಕೆಲಸ. ಒತ್ತಡ ಅಳೆಯುವ ಗೇಜ್ ಸೆಟ್, ವ್ಯಾಕ್ಯೂಮ್ ಪಂಪ್, ತೂಕದ ಯಂತ್ರ, ಹಳೆ ಗ್ಯಾಸ್ ಎಳೆದುಕೊಳ್ಳುವ ರಿಕವರಿ ಮಷಿನ್ ಇಲ್ಲದಿದ್ದರೆ ನೀವು ಮಾಡಬೇಡಿ. ಮಾಡುವವರ ಪಕ್ಕ ನಿಂತು ನೋಡಿ. ಏನು ನೋಡಬೇಕೆಂಬುದು ಗೊತ್ತಿದ್ದರೆ ಅಷ್ಟೇ ಸಾಕು.

ಆರ್-134ಎ ಬಯಲಿನ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ದ್ರವರೂಪದಲ್ಲಿ ಚಿಮ್ಮಿ ಕೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಸುತ್ತಲೂ ಮುಚ್ಚುವ ಕನ್ನಡಕ ಹಾಕಿ. ಕೂಲಿಂಗ್ ಗ್ಲಾಸ್ ಲೆಕ್ಕಕ್ಕಿಲ್ಲ. ರಬ್ಬರ್ ಲೇಪದ ಕೈಗವಸು, ತುಂಬು ತೋಳಿನ ಅಂಗಿ ಇರಲಿ. ಕಣ್ಣಿಗೆ ಬಿದ್ದರೆ ಉಜ್ಜದೆ ಹದಿನೈದು ನಿಮಿಷ ಶುದ್ಧ ನೀರು ಹಾಯಿಸಿ, ನೇರವಾಗಿ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಉಗುರು ಬೆಚ್ಚಗಿನ ನೀರು ಸಾಕು. ಅದನ್ನೂ ತಿಕ್ಕಬಾರದು.

ಈ ಗ್ಯಾಸ್ ಗಾಳಿಗಿಂತ ಸುಮಾರು ಮೂರೂವರೆ ಪಟ್ಟು ಭಾರ. ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ವಾಸನೆಯಿಂದ ಗೊತ್ತಾಗುತ್ತದೆ ಎಂದು ನಂಬಬೇಡಿ. ಗ್ಯಾರೇಜಿನ ಗುಂಡಿಯೊಳಗೆ ಇಳಿದು ಕೆಲಸ ಮಾಡುವವರಿಗೆ ಉಸಿರು ಕಟ್ಟುವ ತನಕ ಸುಳಿವೇ ಸಿಗದಿರಬಹುದು. ಶೆಟರ್ ತೆರೆದಿಡಿ, ಗುಂಡಿ ಮೇಲೆ ಕಾರು ನಿಲ್ಲಿಸಿ ಗ್ಯಾಸ್ ಬಿಚ್ಚಬೇಡಿ. ಬೀಡಿ, ವೆಲ್ಡಿಂಗ್, ಗ್ಯಾಸ್ ಒಲೆ ಯಾವುದೂ ಹತ್ತಿರ ಬೇಡ. ಬೆಂಕಿಗೆ ಸಿಕ್ಕರೆ ಇದೇ ಗ್ಯಾಸ್ ಒಡೆದು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಅದು ಶ್ವಾಸಕೋಶವನ್ನು ಸುಡುವ ವಿಷ.

ಲೀಕ್ ಹುಡುಕಲು ಟೈರಿಗೆ ಹಾಕುವ ಗಾಳಿ ತುಂಬಿಸುವವರಿದ್ದಾರೆ. ಬೇಡವೇ ಬೇಡ. ಒತ್ತಡದಲ್ಲಿ ಗಾಳಿ ಬೆರೆತಾಗ ಆರ್-134ಎ ಕೂಡ ಹೊತ್ತಿಕೊಳ್ಳಬಹುದು. ಜೊತೆಗೆ ಆ ಗಾಳಿಯ ತೇವ ಪೂರ್ತಿ ಒಳಗೆ ಹೋಗುತ್ತದೆ. ಆಕ್ಸಿಜನ್ ಅಂತೂ ಆಯಿಲ್ ತಾಗಿದರೆ ಸ್ಫೋಟ. ಬಳಸುವುದಿದ್ದರೆ ರೆಗ್ಯುಲೇಟರ್ ಹಾಕಿದ ಒಣ ನೈಟ್ರೋಜನ್ ಮಾತ್ರ.

ಹಳೆ ಗ್ಯಾಸನ್ನು ಸುಮ್ಮನೆ ‘ಪುಸ್’ ಎಂದು ಬಿಟ್ಟುಬಿಡುವುದು ತಪ್ಪು. ಒಂದು ಕಿಲೋ ಆರ್-134ಎ ಸುಮಾರು 1,430 ಕಿಲೋ ಕಾರ್ಬನ್ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಒಂದು ಸಣ್ಣ ಕಾರಿನ 450 ಗ್ರಾಂ ಬಿಟ್ಟರೆ ಸುಮಾರು 280 ಲೀಟರ್ ಪೆಟ್ರೋಲ್ ಉರಿಸಿದ ಲೆಕ್ಕ. ಹಳೆಯ ಆರ್-12 ಓಝೋನ್ ಪದರ ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಅದನ್ನು ಬಿಟ್ಟು ಇದಕ್ಕೆ ಬಂದೆವು. ಈಗ ಇದನ್ನೂ ಇಳಿಸಬೇಕೆಂದು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ತೀರ್ಮಾನವಾಯಿತು, ಭಾರತ 2021ರಲ್ಲಿ ಒಪ್ಪಿತು. ರಿಕವರಿ ಮಷಿನ್ ಇಲ್ಲದ ಅಂಗಡಿಗೆ ನಾನಂತೂ ಕಾರು ಕೊಡುವುದಿಲ್ಲ.

ನಿಂತ ಕಾರಿನ ಒತ್ತಡ

ಇಂಜಿನ್ ಆಫ್ ಇರುವಾಗ, ಗೇಜಿನ ಎರಡೂ ನಾಬ್ ಮುಚ್ಚಿ ಹೋಸು ಸಿಕ್ಕಿಸಿ. ನೀಲಿ ಲೋ ಸೈಡಿಗೆ (ಕಮ್ಮಿ ಒತ್ತಡದ ಬದಿ), ಕೆಂಪು ಹೈ ಸೈಡಿಗೆ (ಜಾಸ್ತಿ ಒತ್ತಡದ ಬದಿ). ಹೋಸು ಸಿಕ್ಕಿಸುವ ಬಾಯಿ, ಅಂದರೆ ಪೋರ್ಟ್, ಲೋ ಸೈಡಿನದು 13 ಮಿಲಿಮೀಟರ್, ಹೈ ಸೈಡಿನದು 16. ಹಾಗಾಗಿ ತಪ್ಪಾಗಿ ಸಿಕ್ಕಿಸಲು ಆಗುವುದಿಲ್ಲ. ನಾಬ್ ಮುಚ್ಚಿದ್ದರೂ ಮುಳ್ಳು ಒತ್ತಡ ತೋರಿಸುತ್ತದೆ. ನಾಬ್ ಇರುವುದು ಆ ಬದಿಯನ್ನು ನಡುವಿನ ಹಳದಿ ಹೋಸಿಗೆ ಜೋಡಿಸಲು ಮಾತ್ರ. ಇದು ಗೊತ್ತಿಲ್ಲದೆ ಹೊಸಬರು ಕೆಂಪು ನಾಬ್ ತಿರುಗಿಸಿಬಿಡುತ್ತಾರೆ. ಇಂಜಿನ್ ಓಡುವಾಗ ಹಳದಿ ಹೋಸಿನ ತುದಿಯಲ್ಲಿ ಗ್ಯಾಸ್ ಡಬ್ಬಿ ಇದ್ದರೆ 200 ಪಿಎಸ್‌ಐಗೂ ಜಾಸ್ತಿ ಒತ್ತಡ ಆ ತೆಳು ಡಬ್ಬಿಯೊಳಗೆ ನುಗ್ಗುತ್ತದೆ. ಕೈಯಲ್ಲೇ ಸಿಡಿಯಬಹುದು. ಇಂಜಿನ್ ಓಡುತ್ತಿರುವಾಗ ಕೆಂಪು ನಾಬ್ ಮುಟ್ಟಬಾರದು.

ಕಾರು ನೆರಳಿನಲ್ಲಿ ಕೆಲವು ಗಂಟೆ ನಿಂತು ಇಂಜಿನ್ ಪೂರ್ತಿ ತಣ್ಣಗಾಗಿದ್ದರೆ ಎರಡೂ ಮುಳ್ಳು ಒಂದೇ ಅಂಕಿ ತೋರಿಸಬೇಕು. ಶುದ್ಧ ಆರ್-134ಎ ಆದರೆ 25 ಡಿಗ್ರಿಯಲ್ಲಿ ಸುಮಾರು 82 ಪಿಎಸ್‌ಐ, 30ರಲ್ಲಿ 97, 35ರಲ್ಲಿ 114, 40ರಲ್ಲಿ 132.

ಈಗ ಬಹಳ ಜನ ಎಡವುವ ಜಾಗ ಬಂತು. ‘ನಿಂತಾಗ 97 ಇದೆ, ಗ್ಯಾಸ್ ಫುಲ್’ ಎನ್ನುತ್ತಾರೆ. ಅಲ್ಲ. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೆ ಸಾಕು, ಒತ್ತಡ ತಾಪವನ್ನು ಮಾತ್ರ ಹೇಳುತ್ತದೆ, ಪ್ರಮಾಣವನ್ನಲ್ಲ. ಅಡುಗೆ ಸಿಲಿಂಡರ್ ಮುಕ್ಕಾಲು ಖಾಲಿಯಾದರೂ ಒಲೆ ಮೊದಲಿನಂತೆಯೇ ಉರಿಯುವುದಿಲ್ಲವೇ, ಹಾಗೆ. ಸರಿಯಾದ ತೂಕ ತುಂಬಿದ ಕಾರಿನಲ್ಲೂ, ಅದರ ಅರ್ಧದಷ್ಟೇ ಇರುವ ಕಾರಿನಲ್ಲೂ ನಿಂತಾಗಿನ ಅಂಕಿ ಒಂದೇ.

ಹಾಗಿದ್ದರೆ ಈ ಅಂಕಿಯಿಂದ ಲಾಭವೇನು? ಎರಡಿದೆ. ಮೇಲಿನ ಲೆಕ್ಕಕ್ಕಿಂತ ತುಂಬಾ ಕಮ್ಮಿಯಿದ್ದರೆ ದ್ರವವೇ ಉಳಿದಿಲ್ಲ, ದೊಡ್ಡ ಲೀಕ್ ಇದೆ. ಲೆಕ್ಕಕ್ಕಿಂತ ಗಣನೀಯವಾಗಿ ಜಾಸ್ತಿಯಿದ್ದರೆ ಒಳಗೆ ಗಾಳಿ ಸೇರಿದೆ, ಇಲ್ಲವೇ ಯಾರೋ ಬೇರೆ ಗ್ಯಾಸ್ ತುಂಬಿದ್ದಾರೆ. ಹಳೆಯ ಮನೆ ಎಸಿಗಳ ಆರ್-22 ಆಗಿದ್ದರೆ 30 ಡಿಗ್ರಿಯಲ್ಲೇ 158 ಪಿಎಸ್‌ಐ ಹತ್ತಿರ ಬರುತ್ತದೆ. ಆಗ ಮುಂದಿನ ಯಾವ ಓದುವಿಕೆಯನ್ನೂ ನಂಬುವಂತಿಲ್ಲ. ಎಲ್ಲ ತೆಗೆದು ಹೊಸದಾಗಿ ಶುರು ಮಾಡಬೇಕು.

ಓಡುವಾಗಿನ ಎರಡು ಮುಳ್ಳು

ಇಂಜಿನ್ 1,500 ಆರ್‌ಪಿಎಂ ಆಸುಪಾಸು, ಬ್ಲೋವರ್ ಫುಲ್, ಒಳಗಾಳಿ, ಬಾನೆಟ್ ತೆರೆದು ಐದು ನಿಮಿಷ ಓಡಿಸಿ. ಹೊರಗೆ 30–35 ಡಿಗ್ರಿ ಇರುವಾಗ ಲೋ ಸೈಡ್ 25ರಿಂದ 45, ಹೈ ಸೈಡ್ 180ರಿಂದ 250 ಇದ್ದರೆ ಸಾಮಾನ್ಯವಾಗಿ ಆರೋಗ್ಯ ಚೆನ್ನಾಗಿದೆ. ಕಲಬುರಗಿಯ ಮೇ ತಿಂಗಳ 42 ಡಿಗ್ರಿಯಲ್ಲಿ ಹೈ ಸೈಡ್ 280 ಮುಟ್ಟಿದರೆ ಅದು ದೋಷವಲ್ಲ, ಹವಾಮಾನ. ಮಂಗಳೂರಿನ ಸೆಖೆಯಲ್ಲಿ ತಾಪ ಕಮ್ಮಿ ಇದ್ದರೂ ಕಾಯಿಲ್‌ನ ಶಕ್ತಿಯ ಬಹುಪಾಲು ಗಾಳಿಯ ತೇವವನ್ನು ನೀರು ಮಾಡುವುದಕ್ಕೇ ಹೋಗುತ್ತದೆ. ವೆಂಟ್ ಗಾಳಿ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಗಾಬರಿ ಬೇಡ.

ಹೊರಗೆ 32 ಡಿಗ್ರಿ ಇದೆ, ಲೋ 12, ಹೈ 120 ತೋರಿಸುತ್ತಿದೆ, ಕ್ಲಚ್ ಪದೇಪದೇ ಹಿಡಿದು ಬಿಡುತ್ತಿದೆ ಎಂದುಕೊಳ್ಳಿ. ಎರಡೂ ಕಮ್ಮಿ. ಇದು ಗ್ಯಾಸ್ ಕಮ್ಮಿಯಾದ ಚಿತ್ರ. ಅದೇ ಲೋ ಸೊನ್ನೆಗಿಂತ ಕೆಳಗೆ, ವ್ಯಾಕ್ಯೂಮ್ ಕಡೆಗೆ ಜಾರುತ್ತಿದ್ದರೆ? ಎಕ್ಸ್‌ಪ್ಯಾನ್ಷನ್ ವಾಲ್ವ್ ಅಥವಾ ಗ್ಯಾಸಿನ ತೇವ ಹೀರುವ ಡ್ರೈಯರ್ ಕಟ್ಟಿಕೊಂಡಿದೆ. ಕಟ್ಟಿಕೊಂಡ ಜಾಗದಲ್ಲಿ ಪೈಪು ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ, ಕೆಲವೊಮ್ಮೆ ಹಿಮವೂ ಕಟ್ಟುತ್ತದೆ. ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ ಹೋಗುವ ಪೈಪನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಬೇಡಿ, ಸುಡುತ್ತದೆ.

ಎರಡೂ ಜಾಸ್ತಿ, ಲೋ 60, ಹೈ 320 ಅಂತಿದ್ದರೆ ಕಾರಣ ಮೂರರಲ್ಲಿ ಒಂದು: ಕಂಡೆನ್ಸರ್‌ಗೆ ಗಾಳಿ ಸಾಲದು, ಗ್ಯಾಸ್ ಜಾಸ್ತಿ ತುಂಬಿದೆ, ಒಳಗೆ ಗಾಳಿ ಸೇರಿದೆ. ಬೇರ್ಪಡಿಸುವುದು ಸುಲಭ. ಕಂಡೆನ್ಸರ್ ಮೇಲೆ ನೀರು ಸುರಿಯಿರಿ, ಇಲ್ಲವೇ ಎದುರಿಗೆ ದೊಡ್ಡ ಫ್ಯಾನ್ ಇಡಿ. ಹೈ ಸೈಡ್ ಸರಸರ ಇಳಿದು ಒಳಗೆ ತಂಪು ಬಂದರೆ ಮೊದಲು ಫ್ಯಾನ್, ಕಂಡೆನ್ಸರ್ ಕಡೆ ಹೋಗಿ. ಅಷ್ಟಾಗಿ ಇಳಿಯದಿದ್ದರೆ ಗ್ಯಾಸ್ ತೆಗೆದು ತೂಕ ನೋಡಿ. ತೂಕ ಜಾಸ್ತಿ ಬಂದರೆ ಉತ್ತರ ಸಿಕ್ಕಿತು. ತೂಕ ಸರಿಯಿದ್ದರೆ ಗಾಳಿ ಸೇರಿದೆ, ನಿಂತಾಗಿನ ಅಂಕಿಯೂ ಅದನ್ನೇ ಹೇಳಿರುತ್ತದೆ. ‘ಜಾಸ್ತಿ ಗ್ಯಾಸ್ ಹಾಕಿದರೆ ಜಾಸ್ತಿ ತಂಪು’ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಆಗುವುದು ಉಲ್ಟಾ. ಕಂಡೆನ್ಸರ್‌ನಲ್ಲಿ ದ್ರವ ತುಂಬಿ ಶಾಖ ಬಿಡಲು ಜಾಗವೇ ಉಳಿಯುವುದಿಲ್ಲ.

ಲೋ ಜಾಸ್ತಿ, ಹೈ ಕಮ್ಮಿ, ಎರಡೂ 80–120ರ ಹತ್ತಿರ ಹತ್ತಿರ ನಿಂತಿದ್ದರೆ ಕಂಪ್ರೆಸರ್ ಒತ್ತುತ್ತಿಲ್ಲ. ಒಳಗೆ ಸವೆದಿರಬಹುದು. ಆದರೆ ಹೊಸ ಕಂಪ್ರೆಸರ್ ಖರೀದಿಸುವ ಮೊದಲು ಕ್ಲಚ್ ಜಾರುತ್ತಿದೆಯೇ, ಬೆಲ್ಟ್ ಸಡಿಲವೇ ನೋಡಿ. ಶಕ್ತಿ ಬದಲಾಗುವ ನಮೂನೆಯ ಕಂಪ್ರೆಸರ್ ಆದರೆ ಹಿಂಬದಿಯ ಕಂಟ್ರೋಲ್ ವಾಲ್ವ್ ಮಾತ್ರ ಹೋಗಿರಬಹುದು. ಬೆಲೆಯಲ್ಲಿ ಅಜಗಜಾಂತರ.

ಡ್ರೈಯರ್ ಮೇಲಿನ ಗಾಜಿನ ಕಿಂಡಿಯಲ್ಲಿ ಗುಳ್ಳೆ ನೋಡಿ ತೀರ್ಮಾನಿಸುವುದು ಆರ್-12 ಕಾಲದ ಪಾಠ. ಆರ್-134ಎಗೆ ಅದನ್ನು ನೆಚ್ಚಬೇಡಿ.

ಲೀಕ್ ಹುಡುಕುವುದು

ಗ್ಯಾಸ್ ಜೊತೆ ಆಯಿಲೂ ಹೊರಬರುವುದರಿಂದ ಮೊದಲು ಎಣ್ಣೆ ಜಿಡ್ಡು ಹುಡುಕಿ. ಜಿಡ್ಡಿಗೆ ಧೂಳು ಅಂಟಿ ಕಪ್ಪಗಾಗಿರುತ್ತದೆ. ಕಂಡೆನ್ಸರ್ ಮುಖದ ಮೇಲೆ ಕಲ್ಲು ಬಡಿದ ಜಾಗ, ಪೈಪು ಕೂಡುವ ಓ-ರಿಂಗ್ ಜಾಗ, ಕ್ಲಚ್ ಸುತ್ತ ಎಣ್ಣೆ ಚಿಮ್ಮಿದ ಗುರುತು, ಇವು ಹೆಚ್ಚಾಗಿ ಸಿಗುವ ತಾಣಗಳು. ಕರಾವಳಿಯ ಕಾರುಗಳಲ್ಲಿ ಉಪ್ಪುಗಾಳಿಗೆ ಕಂಡೆನ್ಸರ್ ತಾನಾಗಿಯೇ ತೂತು ಬೀಳುವುದೂ ಇದೆ. ಎರಡೂ ಸರ್ವಿಸ್ ಪೋರ್ಟಿನ ಬಾಯಿಗೆ ಸೋಪಿನ ನೊರೆ ಹಾಕಿ. ಒಳಗಿನ ಪುಟ್ಟ ವಾಲ್ವ್ ಪಿನ್ ಸೋರುತ್ತಿದ್ದರೆ ಗುಳ್ಳೆ ಏಳುತ್ತದೆ. ಪಿನ್ನಿನ ಬೆಲೆ ಅಲ್ಪ. ಅದನ್ನು ನೋಡದೆ ಕೂಲಿಂಗ್ ಕಾಯಿಲ್ ಬದಲಿಸಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿದರೆ ಯಾರಿಗೆ ಬೇಕು ಆ ಕಷ್ಟ?

ಕೂಲಿಂಗ್ ಕಾಯಿಲ್ ಕಣ್ಣಿಗೆ ಕಾಣುವುದಿಲ್ಲ. ಇಂಜಿನ್, ಬ್ಲೋವರ್ ಎರಡನ್ನೂ ಆರಿಸಿ ಕಾಲು ಗಂಟೆ ಬಿಡಿ. ಭಾರದ ಗ್ಯಾಸ್ ಕೆಳಗಿಳಿದು ಡ್ರೈನ್ ಪೈಪಿಗೆ ಬರುತ್ತದೆ. ಎಲೆಕ್ಟ್ರಾನಿಕ್ ಡಿಟೆಕ್ಟರ್‌ನ ಮೂತಿಯನ್ನು ಅಲ್ಲಿ ಹಿಡಿಯಿರಿ, ನೀರಿಗೆ ಮಾತ್ರ ತಾಗಿಸಬೇಡಿ. ಬೇರೆ ಕಡೆಯೂ ಪೈಪಿನ ಕೆಳಬದಿಯಲ್ಲೇ ಹಿಡಿಯಬೇಕು. ಗಾಳಿ ಬೀಸುವ ಜಾಗದಲ್ಲಿ ಡಿಟೆಕ್ಟರ್ ಕೆಲಸ ಮಾಡುವುದಿಲ್ಲ.

ತುಂಬಿಸಿದ ಗ್ಯಾಸ್ ಒಂದೆರಡು ದಿನದಲ್ಲೇ ಹೋಗುತ್ತಿದ್ದರೆ ನೈಟ್ರೋಜನ್ ಮತ್ತು ಸೋಪಿನ ನೊರೆ ಸಾಕು. ಹಲವು ತಿಂಗಳು ತಡೆಯುತ್ತಿದ್ದರೆ ಯುವಿ ಡೈ ಹಾಕಿ ಕಾರು ಓಡಿಸಿ. ಕೆಲವು ವಾರ ಬಿಟ್ಟು ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಲೀಕ್ ಇರುವ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ಇನ್ನೊಂದು ಮಾತು: ಮಳೆ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಸೀಲಿಗೆ ಆಯಿಲ್ ತಾಗುತ್ತಿರಬೇಕು. ಮಂಜು ಹಿಡಿದ ಗಾಜೂ ತಿಳಿಯಾಗುತ್ತದೆ.

ವ್ಯಾಕ್ಯೂಮ್, ಆಯಿಲ್, ತೂಕ

ಬಿಚ್ಚಿದ ಜಾಗಕ್ಕೆಲ್ಲ ಹೊಸ ಓ-ರಿಂಗ್, ಸ್ವಲ್ಪ ಆಯಿಲ್ ಸವರಿ ಹಾಕಿ. ವ್ಯವಸ್ಥೆ ಹೆಚ್ಚು ಹೊತ್ತು ತೆರೆದಿದ್ದರೆ ಡ್ರೈಯರ್ ಬದಲಿಸಲೇಬೇಕು. ಈ ಕಂಪ್ರೆಸರ್‌ಗಳಿಗೆ ಹಾಕುವ ಪ್ಯಾಗ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಹಾಗಾಗಿ ಎಂದೋ ತೆರೆದಿಟ್ಟ ಡಬ್ಬಿಯದು ಬೇಡ. ನಂಬರ್ 46 ಬೇಕೋ 100 ಬೇಕೋ ಎಂಬುದನ್ನು ಕಂಪ್ರೆಸರ್ ಮೇಲಿನ ಚೀಟಿ ಹೇಳುತ್ತದೆ. ಹಳೆ ಆಯಿಲ್ ಕಪ್ಪಗಿದ್ದು ಲೋಹದ ಪುಡಿ ಮಿನುಗುತ್ತಿದ್ದರೆ ಕಂಪ್ರೆಸರ್ ಒಂದನ್ನೇ ಬದಲಿಸಿ ಲಾಭವಿಲ್ಲ. ಈಗಿನ ಕಂಡೆನ್ಸರ್‌ಗಳ ಸಣ್ಣ ನಾಳದೊಳಗಿನ ಪುಡಿ ತೊಳೆದರೂ ಹೋಗುವುದಿಲ್ಲ. ಕಂಡೆನ್ಸರ್, ಡ್ರೈಯರ್, ವಾಲ್ವ್ ಎಲ್ಲ ಹೊಸದಾಗಬೇಕು.

ವ್ಯಾಕ್ಯೂಮ್ ಪಂಪ್ ಅರ್ಧದಿಂದ ಮುಕ್ಕಾಲು ಗಂಟೆ ಓಡಲಿ. ಒಳಗಿನ ನೀರನ್ನು ಕುದಿಸಿ ಆವಿ ಮಾಡಿ ಎಳೆಯುವುದು ಉದ್ದೇಶ. ಇಲ್ಲಿ ಊರಿನ ಎತ್ತರ ಲೆಕ್ಕಕ್ಕೆ ಬರುತ್ತದೆ. ಕೈಪಿಡಿಗಳಲ್ಲಿ ಮುಳ್ಳು 29 ಇಂಚಿಗೆ (ಪಾದರಸದ ಇಂಚು, ವ್ಯಾಕ್ಯೂಮಿನ ಅಳತೆ) ಬರಬೇಕು ಎಂದಿರುತ್ತದೆ. ಅದು ಸಮುದ್ರ ಮಟ್ಟದ ಮಾತು. ಮಂಗಳೂರಿನಲ್ಲಿ ಸರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡವೇ 27 ಇಂಚಿನಷ್ಟು. ಎಷ್ಟೇ ಒಳ್ಳೆ ಪಂಪ್ ಇದ್ದರೂ ಮುಳ್ಳು ಅದಕ್ಕಿಂತ ಕೆಳಗೆ ಹೋಗದು. 29 ತೋರಿಸಿದರೆ ಗೇಜಿನ ಸೊನ್ನೆಯೇ ತಪ್ಪಿದೆ. ಉಲ್ಟಾ ನೋಡಿ: ಬೆಂಗಳೂರಿನಲ್ಲಿ 26 ಎಂದರೆ ನೀರು 25 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಮಂಗಳೂರಿನಲ್ಲಿ ಅದೇ 26ಕ್ಕೆ ನಿಲ್ಲಿಸಿದರೆ 50 ಡಿಗ್ರಿ ದಾಟದೆ ಕುದಿಯುವುದಿಲ್ಲ, ತೇವ ಒಳಗೇ ಉಳಿಯುತ್ತದೆ. ಒಳಗೆ ಉಳಿದ ಒತ್ತಡವನ್ನೇ ನೇರವಾಗಿ ಅಳೆಯುವ ಮೈಕ್ರಾನ್ ಗೇಜ್ ಇದ್ದರೆ ಈ ತಲೆನೋವಿಲ್ಲ. ಎಲ್ಲ ಊರಿಗೂ 500 ಮೈಕ್ರಾನ್ ಒಂದೇ ಗುರಿ.

ನಾಬ್ ಮುಚ್ಚಿ, ಪಂಪ್ ನಿಲ್ಲಿಸಿ ಇಪ್ಪತ್ತು ನಿಮಿಷ ಕಾಯಿರಿ. ಮುಳ್ಳು ಜರುಗಿದರೆ ಲೀಕ್ ಇದೆ, ಇಲ್ಲವೇ ತೇವ ಉಳಿದಿದೆ. ‘ಪರವಾಗಿಲ್ಲ, ಹಾಕೋಣ’ ಎಂದರೆ ಒಪ್ಪಬೇಡಿ.

ಗ್ಯಾಸ್ ಹಾಕುವುದು ತೂಕದ ಲೆಕ್ಕದಲ್ಲಿ ಮಾತ್ರ, ಮುಳ್ಳು ನೋಡಿಯಲ್ಲ. ಸಣ್ಣ ಕಾರಿಗೆ ಬೇಕಾಗುವುದೇ 350ರಿಂದ 500 ಗ್ರಾಂ. ಅಲ್ಲಿ 50 ಗ್ರಾಂ ಹೆಚ್ಚುಕಮ್ಮಿ ದೊಡ್ಡದು. ಹೋಸಿನೊಳಗೆ ಉಳಿಯುವುದನ್ನೂ ಲೆಕ್ಕ ಹಾಕಿ. ಇಂಜಿನ್ ಆಫ್ ಇರುವಾಗಲೇ ಡಬ್ಬಿ ತಲೆಕೆಳಗಾಗಿ ಹಿಡಿದು ಒಂದು ಭಾಗವನ್ನು ದ್ರವವಾಗಿ ಹೈ ಸೈಡಿಗೆ ಬಿಡಬಹುದು. ಆಮೇಲೆ ಕೆಂಪು ನಾಬ್ ಮುಚ್ಚಿ, ಮುಚ್ಚಿದೆ ಎಂದು ಇನ್ನೊಮ್ಮೆ ನೋಡಿ, ಐದು ನಿಮಿಷ ಬಿಟ್ಟು ಇಂಜಿನ್ ಹಾಕಿ. ಉಳಿದದ್ದು ಡಬ್ಬಿ ನೆಟ್ಟಗೆ ನಿಲ್ಲಿಸಿ ಲೋ ಸೈಡಿನಿಂದ ಆವಿಯಾಗಿ ಹೋಗಬೇಕು. ಓಡುವ ಕಂಪ್ರೆಸರ್‌ಗೆ ದ್ರವ ಹೋದರೆ ಅದು ಒಳಗೇ ಮುರಿಯುತ್ತದೆ. ಡಬ್ಬಿ ತಣ್ಣಗಾಗಿ ಗ್ಯಾಸ್ ನಿಧಾನವಾದರೆ ಉಗುರು ಬೆಚ್ಚಗಿನ ನೀರಿನಲ್ಲಿ ಇಡಿ. ಬೆಂಕಿ ತೋರಿಸುವುದು, ಕುದಿಯುವ ನೀರಿಗೆ ಹಾಕುವುದು ಪ್ರಾಣಕ್ಕೆ ಸಂಚಕಾರ. 50 ಡಿಗ್ರಿ ಮೀರಬಾರದು. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಡಬ್ಬಿ ಇಡುವುದೂ ಬೇಡ.

ಅಗ್ಗದ ಡಬ್ಬಿಗಳ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಆರ್-134ಎ ಹೆಸರಿನಲ್ಲಿ ಆರ್-40, ಅಂದರೆ ಮೀಥೈಲ್ ಕ್ಲೋರೈಡ್ ಬೆರೆಸಿದ ನಕಲಿ ಗ್ಯಾಸ್ ಜಗತ್ತಿನಲ್ಲಿ ಓಡಾಡಿದೆ. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. 2011ರಲ್ಲಿ ಹಡಗಿನ ಶೀತಲ ಕಂಟೇನರ್‌ಗಳು ಇದೇ ಕಾರಣಕ್ಕೆ ಸಿಡಿದು ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಮೂವರು ಕೆಲಸಗಾರರು ಸತ್ತರು. ಅಡುಗೆ ಗ್ಯಾಸ್ ಜಾತಿಯ ಗ್ಯಾಸ್ ತುಂಬಿದರೂ ತಂಪಾಗುತ್ತದೆ, ನಿಜ. ಕೂಲಿಂಗ್ ಕಾಯಿಲ್ ಇರುವುದು ನೀವು ಕೂತಿರುವ ಜಾಗದ ಎದುರಲ್ಲೇ. ಅಲ್ಲಿ ಲೀಕಾದರೆ ಏನಾದೀತು ಯೋಚಿಸಿ. ಬೆರಕೆಯ ಪ್ರಮಾಣ ನೋಡಿ ಮಾಡಿದ್ದರೆ ಗೇಜ್ ಒತ್ತಡದಲ್ಲೂ ಇಂಥ ನಕಲಿ ಗ್ಯಾಸ್ ಸಿಕ್ಕಿಬೀಳದು. ಹಾಗಾಗಿ ಸೀಲ್ ಒಡೆಯದ ಡಬ್ಬಿಯನ್ನು ನಿಮ್ಮೆದುರೇ ತೆರೆಯಲು ಹೇಳಿ. ಗ್ಯಾಸ್ ಗುರುತಿಸುವ ಉಪಕರಣ ಇರುವ ಅಂಗಡಿ ಸಿಕ್ಕಿದರೆ ಇನ್ನೂ ಒಳ್ಳೆಯದು.

ಕೆಲಸ ಮುಗಿದ ಮೇಲೆ ನಡುವಿನ ವೆಂಟಿಗೆ ಥರ್ಮಾಮೀಟರ್ ಸಿಕ್ಕಿಸಿ, ಕಿಟಕಿ ಮುಚ್ಚಿ, ಹತ್ತು ನಿಮಿಷ ಓಡಿಸಿ. ಹೊರಗೆ 32–35 ಇರುವಾಗ 6ರಿಂದ 11 ಡಿಗ್ರಿ ಬಂದರೆ ಆಯಿತು. ಇಂಜಿನ್ ಆಫ್ ಮಾಡಿ ಎರಡೂ ಮುಳ್ಳು ಹತ್ತಿರ ಬರುವ ತನಕ ಕಾದು ಹೋಸು ತೆಗೆಯಿರಿ. ಪೋರ್ಟಿನ ಪ್ಲಾಸ್ಟಿಕ್ ಮುಚ್ಚಳ ಬರೀ ಧೂಳಿಗಲ್ಲ. ಸೋರಿಕೆ ತಡೆಯುವಲ್ಲಿ ಅದಕ್ಕೂ ಪಾಲಿದೆ. ಕಳೆದಿದ್ದರೆ ಹೊಸದು ಹಾಕಿಸಿ. ತೆಗೆದ ಗ್ಯಾಸ್ ಎಷ್ಟು ಗ್ರಾಂ, ಹಾಕಿದ್ದು ಎಷ್ಟು, ಯಾವ ಆಯಿಲ್, ಡೈ ಹಾಕಿದೆಯೋ ಇಲ್ಲವೋ ಎಂದು ತಾರೀಖಿನ ಸಮೇತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮುಂದಿನ ಬೇಸಿಗೆಗೆ ತಂಪು ಕಮ್ಮಿಯಾದರೆ ಮೊದಲು ಅಷ್ಟು ಗ್ರಾಂ ಇನ್ನೂ ಇದೆಯೇ ಎಂದು ರಿಕವರಿ ಮಷಿನ್‌ನಲ್ಲಿ ತೂಗಿಸಿ.